ಮೂರನೆಯ ಚಿತ್ರ

ಚಿತ್ರಪಟದಲ್ಲಿ ನಾಲ್ಕು ಚಿತ್ರಗಳಿದ್ದವು. ಮಹಾನಂದಾ ಮೂರನ್ನಷ್ಟೇ ತೋರಿಸುತ್ತಿದ್ದಳು.

ಮೊದಲನೆಯದರಲ್ಲಿ ಒಬ್ಬ ಹೆಂಗಸು ಕೂದಲು ಗಂಟು ಹಾಕಿ ತಲೆಗೆ ಬಟ್ಟೆ ಸುತ್ತಿಕೊಂಡಿದ್ದಳು. ಎರಡನೆಯದರಲ್ಲಿ ಅದೇ ಹೆಂಗಸು ಸೆರಗನ್ನು ನಡುವಿಗೆ ಬಿಗಿದು ಸಿಕ್ಕಿಸಿದ್ದಳು. ನಾಲ್ಕನೆಯದರಲ್ಲಿ ಕಾಳು ಬಿಡಿಸುವ ರಾಶಿ ಮಷಿನಿನ ಬಾಯಿಗೆ ತೊಗರಿ ಗಿಡಗಳ ಕಟ್ಟನ್ನು, ಸೂಡನ್ನು, ಕೋಲಿನಿಂದ ದೂಡುತ್ತಿದ್ದಳು. ಕೈ ಒಂದು ಮೊಳ ಹಿಂದೆಯೇ ಇತ್ತು. ಮೂರನೆಯದರಲ್ಲಿ ಅವಳ ಎರಡು ಕೈಗಳಷ್ಟೇ ಇದ್ದವು. ಬಳೆಯಿಲ್ಲ, ಉಂಗುರವಿಲ್ಲ, ದಾರವಿಲ್ಲ. ಪಕ್ಕದ ಬಟ್ಟಲಲ್ಲಿ ತೆಗೆದಿಟ್ಟ ಹಸಿರು ಬಳೆಗಳು.

ಅದನ್ನು ತೋರಿಸಿದ ಒಂದೇ ಒಂದು ಸಲ ಬಟ್ಟಲನ್ನು ಯಾರೂ ನೋಡಿರಲಿಲ್ಲ. ಮೊದಲು ಚಿತ್ರದ ಬರಿಗೈಗಳನ್ನು ನೋಡಿದ್ದರು, ಆಮೇಲೆ ಚಿತ್ರಪಟ ಹಿಡಿದವಳ ಕೈಗಳನ್ನು.

ಮಹಾನಂದಾಳಿಗೆ ಇಪ್ಪತ್ತೇಳು. ಕಲಬುರಗಿಯ ವಿಶ್ವವಿದ್ಯಾಲಯದಲ್ಲಿ ಸಮಾಜಕಾರ್ಯ ಓದಿದವಳು. ಗಂಡ ಜಗದೇವ ಹೋಗಿ ಹದಿನಾಲ್ಕು ತಿಂಗಳಾಗಿತ್ತು. ಭೂಸನೂರಿನ ರಸ್ತೆಯಲ್ಲಿ, ಮುಸ್ಸಂಜೆ ಹೊತ್ತಿಗೆ, ಹಿಂದೆ ದೀಪವಾಗಲಿ ಕೆಂಪು ಪಟ್ಟಿಯಾಗಲಿ ಇಲ್ಲದೆ ನಿಂತಿದ್ದ ಕಬ್ಬಿನ ಟ್ರೇಲರಿಗೆ ಅವನ ಬೈಕು ಹೋಗಿ ಹೊಡೆದಿತ್ತು. ಮೂರನೆಯ ದಿನ ಹೆಂಗಸರು ಇವಳನ್ನು ಕೂಡಿಸಿ ಬಳೆ ಒಡೆದರು. ಮಣಿಕಟ್ಟು ಅಲುಗದಂತೆ ಹಿಡಿದವಳು ಅತ್ತೆ ಕಾಶಿಬಾಯಿ. ಒಂದು ಚೂರು ಒಳಗೆ ಹೋಗಿ ರಕ್ತ ಬಂದದ್ದನ್ನು ಆಮೇಲೆ ಯಾರೋ ನೋಡಿ ಹೇಳಿದರು. ಇವಳಿಗೆ ಗೊತ್ತೇ ಆಗಿರಲಿಲ್ಲ. ಈಗಲೂ ಅಲ್ಲೊಂದು ಬಿಳಿ ಗೆರೆಯಿದೆ.

ಅವಳು ತವರಿಗೆ ಹೋಗಲಿಲ್ಲ, ಮಣ್ಣೂರಿನ ಅತ್ತೆ ಮನೆಯಲ್ಲೇ ಉಳಿದಳು. ಉಳಿಯಬೇಕೆಂದು ಉಳಿದದ್ದಲ್ಲ, ಎದ್ದು ಹೋಗುವುದಕ್ಕೂ ಒಂದು ಮನಸ್ಸು ಬೇಕಿತ್ತು. ಕೆಲಸವೂ ಹಾಗೆಯೇ ಸಿಕ್ಕಿತು. ಗೆಳತಿಯೊಬ್ಬಳು ಒಂದು ಸಂಸ್ಥೆಗೆ ಅರ್ಜಿ ತುಂಬಿದಳು, ಇವಳು ಸಹಿ ಹಾಕಿದಳು. ಆಳಂದ, ಅಫಜಲಪುರ, ಜೇವರ್ಗಿ, ಈ ಮೂರು ತಾಲೂಕಿನ ಹಳ್ಳಿಗಳಲ್ಲಿ ಕೂಲಿ ಹೆಂಗಸರನ್ನು ಕೂಡಿಸಿ, ಮಷಿನಿನ ಮುಂದೆ ಕೈ ಉಳಿಸಿಕೊಳ್ಳುವುದು ಹೇಗೆ ಎಂದು ಹೇಳುವ ಕೆಲಸ. ಹಳ್ಳಿಗಳಲ್ಲಿ ಅವಳಿಗೆ ಕೈ ಮೇಡಂ ಎನ್ನುತ್ತಿದ್ದರು.

ಮೊದಲ ಸಭೆ ಆಳಂದ ತಾಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿ. ಆವತ್ತು ನಾಲ್ಕೂ ಚಿತ್ರ ತೋರಿಸಿದ್ದಳು. ಮೂರನೆಯದಕ್ಕೆ ಬಂದು, "ಮಷಿನ್ ಮುಂದ ನಿಲ್ಲೋಕಿಂತ ಮೊದಲ ಬಳಿ ತೆಗೀಬೇಕ್ರಿ," ಅಂದಾಗ ಹಿಂದೆ ಕೂತಿದ್ದ ಮುದುಕಿಯೊಬ್ಬಳು ಎದ್ದು ನಿಂತಳು.

"ಏಳ್ರಿ ಬೇ, ಏಳ್ರಿ. ಈಕಿ ತನ್ನಂಗ ಎಲ್ಲಾರನೂ ಮಾಡಾಕ ಬಂದಾಳ."

ಅದು ಬೈಗುಳದ ದನಿಯೂ ಅಲ್ಲ. ಹೊತ್ತಾಯಿತು, ಏಳಿ ಅಂದ ಹಾಗಿತ್ತು. ಎಲ್ಲರೂ ಎದ್ದರು. ಹೋಗುವಾಗ ಒಬ್ಬಳು ತನ್ನ ಬಳೆಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

ಅಂದಿನಿಂದ ಚಿತ್ರಪಟ ಎತ್ತಿ ಹಿಡಿಯುವಾಗ ಮಹಾನಂದಾಳ ಅಂಗೈ ಮೂರನೆಯ ಚಿತ್ರದ ಮೇಲೆ ಬರತೊಡಗಿತು.

ತೊಗರಿ ರಾಶಿಯ ಹಂಗಾಮು ಶುರುವಾಗುವ ಹೊತ್ತಿಗೆ ಆಫೀಸಿನಿಂದ ಕೈಗವಸಿನ ಡಬ್ಬಿಗಳು ಬಂದವು. ಆಫೀಸಿನ ಶಾಂತಕುಮಾರ ಸರ್ ಫೋನ್ ಮಾಡಿದರು. "ಕಬ್ಬು ಕಡಿಯೋರಿಗಿ ಹಂಚಿ ಉಳದಾವ್ರಿ ಮೇಡಂ. ರಾಶಿ ಮಾಡೋ ಹೆಣ್ಮಕ್ಕಳಿಗಿ ಕೊಟ್ಟುಬಿಡ್ರಿ. ಫೋಟೊ ಮಾತ್ರ ಮರೀಬ್ಯಾಡ್ರಿ."

ಕಬ್ಬಿನ ಗರಿ ಕೈ ಕೊಯ್ಯುತ್ತದೆ. ಕಬ್ಬು ಕಡಿಯುವವರಿಗೆ ಕೈಗವಸು ಒಳ್ಳೆಯದೇ. ತಿರುಗುವ ಮಷಿನಿನ ಮುಂದೆ ಮಾತ್ರ ಅದನ್ನು ಹಾಕಬಾರದು. ಬರಿ ಬೆರಳಾದರೆ ತಾಕಿದ ಕೂಡಲೇ ಹಿಂದಕ್ಕೆ ಎಳೆದುಕೊಳ್ಳಲು ರೆಪ್ಪೆ ಬಡಿಯುವಷ್ಟಾದರೂ ಹೊತ್ತು ಸಿಗುತ್ತದೆ. ಕೈಗವಸಿನ ತುದಿ ಸಿಕ್ಕಿತೋ, ಅದರ ಹಿಂದೆ ಕೈಯೂ ಒಳಗೆ ಹೋಗುತ್ತದೆ. ಇದು ಮಹಾನಂದಾಳಿಗೆ ಗೊತ್ತಿತ್ತು. ತರಬೇತಿಯಲ್ಲಿ ತಾನೇ ನೋಟುಬುಕ್ಕಿನಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದಳು.

ಆದರೂ ಜೇವರ್ಗಿ ತಾಲೂಕಿನ ಒಂದು ಹಳ್ಳಿಯಲ್ಲಿ ಮಾಣಿಕಮ್ಮ ಎಂಬ ಹೆಂಗಸು, "ಮೇಡಂ, ಬಳಿ ಮಷಿನಿಗಿ ಸಿಗಂಗಿಲ್ಲೇನ್ರಿ?" ಎಂದು ತಾನಾಗಿ ಕೇಳಿದಾಗ, ಅದಕ್ಕೆ ಉತ್ತರ ತನ್ನ ಅಂಗೈಯ ಕೆಳಗೇ ಇದ್ದಾಗ, ಮಹಾನಂದಾ ಹೇಳಿದ್ದು ಬೇರೆ.

"ಬಳಿ ಮ್ಯಾಲ ಈ ಗ್ಲೌಸ್ ಹಾಕ್ಕೋರಿ. ಬಳಿ ಒಳಗ ಉಳೀತಾವ."

ಹೆಂಗಸರಿಗೆ ಖುಷಿಯೋ ಖುಷಿ. ಯಾರೂ ಎದ್ದು ಹೋಗಲಿಲ್ಲ. "ಕೈಗೂ ಸಾಕ್ಸ್ ಬಂದೂ ಬೇ, ಇನ್ನ ಬೂಟ್ ಒಂದ ಬಾಕಿ," ಎಂದು ಮಾಣಿಕಮ್ಮ ಎರಡೂ ಕೈ ಎತ್ತಿ ಎಲ್ಲರಿಗೂ ತೋರಿಸಿದಳು. ಫೋಟೊ ಚೆನ್ನಾಗಿ ಬಂತು.

ಆರನೆಯ ದಿನ ಮಾಣಿಕಮ್ಮನ ಬಲಗೈಯ ಕೈಗವಸು ಮಷಿನಿಗೆ ಸಿಕ್ಕಿತು. ನಡುವಿನ ಎರಡು ಬೆರಳು ಹೋದವು.

ಶಾಂತಕುಮಾರ ಮತ್ತೆ ಫೋನ್ ಮಾಡಿದರು. "ಹೌದ್ರಿ ಮೇಡಂ, ಬ್ಯಾಸರದ ಮಾತ. ಆದ್ರ ರಿಪೋರ್ಟ್ ಕಳಸಬೇಕಲ್ರಿ. 'ಕಾರಣ' ಅಂತ ಅದ ನೋಡ್ರಿ, ಅಲ್ಲಿ, ಗ್ಲೌಸ್ ಸರಿಯಾಗಿ ಹಾಕ್ಕೊಂಡಿದ್ದಿಲ್ಲ ಅಂತ ಬರೀರಿ. ಅಷ್ಟು ಸಾಕು."

ಅವಳು ಹೆಸರು ಬರೆದಳು, ವಯಸ್ಸು ಬರೆದಳು, ಊರು, ತಾರೀಖು, ಯಾವ ಕೈ, ಯಾವ ಬೆರಳು ಎಲ್ಲ ಬರೆದಳು. ಕಾರಣ ಎಂಬಲ್ಲಿ ಪೆನ್ನು ನಿಂತಿತು. ಫಾರಮನ್ನು ಮಡಚಿ ಬ್ಯಾಗಿನಲ್ಲಿಟ್ಟುಕೊಂಡು ಹನ್ನೆರಡು ದಿನ ತಿರುಗಿದಳು.

ಹದಿಮೂರನೆಯ ದಿನ ಬಸ್ಸು ಹತ್ತಿ ಮಾಣಿಕಮ್ಮನ ಮನೆಗೆ ಹೋದಳು.

ಮಾಣಿಕಮ್ಮ ಒಳಗೆ ಗೋಡೆಗೆ ಒರಗಿ ಕೂತಿದ್ದಳು. ಪಟ್ಟಿ ಸುತ್ತಿದ ಬಲಗೈಯನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದುಕೊಂಡಿದ್ದಳು, ಯಾರದೋ ಕೂಸನ್ನು ಹಿಡಿದ ಹಾಗೆ.

"ಬರ್ರಿ ಮೇಡಂ, ಕೂಡ್ರಿ. ಚಾ ಕುಡೀತೀರಿ? ನಾ ಮಾಡೋದಂತೂ ಆಗಂಗಿಲ್ಲ, ಅವನಿಗಿ ಹೇಳ್ತೇನಿ." ಹೊರಗೆ ಕಟ್ಟೆಯ ಮೇಲೆ ಬೀಡಿ ಸೇದುತ್ತಿದ್ದ ಗಂಡ ಮಹಾದೇವಪ್ಪನಿಗೆ ಕೂಗಿ ಹೇಳಿದಳು. "ಏ, ಕೇಳ್ತದೇನು? ಚಾ ಇಡು. ಸಕ್ರಿ ಮ್ಯಾಲಿನ ಗೂಡಿನಾಗ ಅದ. ನಿನ್ನಿಗತೆ ಉಪ್ಪಿನ ಡಬ್ಬಿ ತೆಗದೀ ಮತ್ತ!"

ಮಹಾನಂದಾ ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತುಗಳು ಒಂದೂ ನೆನಪಾಗಲಿಲ್ಲ.

"ಮಾಣಿಕಮ್ಮಾ, ನಾ ಹೇಳಿದ್ದು ತಪ್ಪ್ರಿ. ಗ್ಲೌಸ್ ಮಷಿನ್ ಮುಂದ ಹಾಕಬಾರದು. ನನಗ ಗೊತ್ತಿತ್ತು."

"ಏನು?"

"ಗೊತ್ತಿತ್ರಿ."

ಮಾಣಿಕಮ್ಮ ಬಹುವಚನ ಬಿಟ್ಟು ಕೇಳಿದಳು. "ಗೊತ್ತಿದ್ದೂ ಯಾಕ ಹೇಳ್ದಿ?"

ಮಹಾನಂದಾ ಚಿತ್ರಪಟ ಬಿಚ್ಚಿ ನೆಲದ ಮೇಲೆ ಹಾಸಿದಳು. ಮೂರನೆಯ ಚಿತ್ರದ ಮೇಲೆ ತನ್ನ ಅಂಗೈ ಬಿದ್ದೂ ಬಿದ್ದೂ ಬಣ್ಣ ಮಾಸಿತ್ತು. "ಇದನ್ನ ತೋರಿಸಬೇಕಿತ್ರಿ. ಬಳಿ ತೆಗೀರಿ ಅನ್ನೋಕ ಬಾಯಿ ಬರಲಿಲ್ಲ."

ಮಾಣಿಕಮ್ಮ ಚಿತ್ರ ನೋಡಿದಳು. ಮಹಾನಂದಾಳ ಮಣಿಕಟ್ಟು ನೋಡಿದಳು. ಅರ್ಥವಾಯಿತೆಂದು ಮುಖ ಹೇಳಿತು, ಮಾತು ಮಾತ್ರ ಮೆತ್ತಗಾಗಲಿಲ್ಲ.

"ದವಾಖಾನ್ಯಾಗ ಮೊದಲ ಏನ್ ಮಾಡಿದ್ರು ಗೊತ್ತದೇನು ನಿನಗ? ಬೆರಳು ಆಮ್ಯಾಲ. ಮೊದಲ ಒಬ್ಬಾಕಿ ನರ್ಸ್ ಬಂದು ಪಟಾಪಟಾ ಬಳಿ ಒಡದ್ಲು. ಎರಡೂ ಕೈದು. ಯಾರನೂ ಕೇಳಲಿಲ್ಲ. ಎಣಸಿ ಹತ್ತು ಆಗೂದ್ರಾಗ ನಾ ಬೋಳು. ಬೆರಳು ಹೋದೂ ಅಂತ ನಾ ಅಳಲಿಲ್ಲ ತಂಗೀ, ಬಳಿ ಒಡದ್ಲು ಅಂತ ಅತ್ತೆ. ಈತ ಹೋದ ಅಂತ್ಲೇ ತಿಳದಿದ್ದೆ." ಎಡಗೈಯಿಂದ ಹೊರಗೆ ತೋರಿಸಿದಳು. "ನೋಡಲ್ಲಿ. ಹೋಗೋದೊತ್ತಟ್ಟಿಗಿರಲಿ, ಬೀಡಿ ಸುದ್ಧಾ ಬಿಟ್ಟಿಲ್ಲ."

ನಗಬೇಕೋ ಬೇಡವೋ ತಿಳಿಯದೆ ಮಹಾನಂದಾ ತಲೆ ತಗ್ಗಿಸಿದಳು.

"ಆವತ್ತ ನೀ ಹೇಳಿದ್ದಿ ಅಂದ್ರ ನಾ ತೆಗೀತಿದ್ನೋ ಇಲ್ಲೋ, ಆ ಮಾತು ಬ್ಯಾರೆ. ನಿನಗ ಬೈತಿದ್ದೆ. ಮಾರಿ ಮ್ಯಾಲ ಬೈತಿದ್ದೆ." ಮಾಣಿಕಮ್ಮ ಪಟ್ಟಿ ಸುತ್ತಿದ ಕೈಯನ್ನು ಅವಳ ಮುಂದೆ ಹಿಡಿದಳು. "ಬೈಸ್ಕೋಬೇಕಿತ್ತು ನೀ. ಬೈಸ್ಕೊಂಡಿದ್ರ ನಿಂದೇನ್ ಹೋಗ್ತಿತ್ತು?"

ಮಹಾದೇವಪ್ಪ ಸ್ಟೀಲಿನ ಲೋಟದಲ್ಲಿ ಚಹಾ ತಂದುಕೊಟ್ಟ. ಮಹಾನಂದಾ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಳು.

"ಏ, ಸುಡ್ತದ, ಕೆಳಗಿಡು," ಎಂದಳು ಮಾಣಿಕಮ್ಮ. "ಬೆರಳು ಕೆಂಪಗಾದೂ, ಗೊತ್ತಾಗಂಗಿಲ್ಲೇನು ನಿನಗ?"

ಮಹಾನಂದಾ ಲೋಟ ಕೆಳಗಿಟ್ಟು ಬೆರಳುಗಳನ್ನು ನೋಡಿಕೊಂಡಳು. ಹೌದು, ಕೆಂಪಗಾಗಿದ್ದವು.

ತಿರುಗಿ ಬರುವಾಗ ಬಸ್ಸಿನಲ್ಲಿ ಭಾಗ್ಯಾಳ ಫೋನು ಬಂತು. ಭಾಗ್ಯಾ ಅಂದರೆ ಮೈದುನ ಗುರುಪಾದನ ಹೆಂಡತಿ. ಮದುವೆಯಾಗಿ ಐದು ತಿಂಗಳು. ಎರಡೂ ಕೈಗೆ ಮದುವೆಯಲ್ಲಿ ಇಡಿಸಿದ ಹಸಿರು ಬಳೆ, ಕೈಗೆ ಒಂದೊಂದು ಡಜನ್. ಅವು ಎಷ್ಟು ಬಿಗಿ ಎಂದರೆ ರೊಟ್ಟಿ ಬಡಿಯುವಾಗಲೂ ಕೆಳಗಿಳಿಯುತ್ತಿರಲಿಲ್ಲ.

"ಯಕ್ಕಾ, ನಾಳಿ ನಮ್ಮ ರಾಶಿ. ಹಫೀಜ ಭಾಯಿದು ಮಷಿನ್ ಗೊತ್ತು ಮಾಡ್ಯಾರ. ಆಳು ಕಡಿಮಿ ಬಿದ್ದಾರ ಅಂತ, ನಾನೂ ಮಷಿನ್ ಮುಂದ ನಿಲ್ತೇನಿ. ನಿಮ್ಮ ಮಂಚದ ಕೆಳಗ ಗ್ಲೌಸಿನ ಡಬ್ಬಿ ಅದಾವಲ್ರಿ, ಒಂದ್ ಜೋಡಿ ತಗೊಂಡೇನಿ. ಬಳಿ ಮ್ಯಾಲ ಛಲೋ ಕುಂಡ್ರತಾವ ನೋಡ್ರಿ, ಅಳತಿ ಕೊಟ್ಟು ಹೊಲಿಸಿದಂಗ!"

ಮಹಾನಂದಾಳ ಕಿವಿಯಲ್ಲಿ ಬಸ್ಸಿನ ಸದ್ದು ನಿಂತುಹೋಯಿತು.

"ಅವನ್ನ ತಗದಿಡು ಭಾಗ್ಯಾ. ಹಾಕೋಬ್ಯಾಡ."

"ಯಾಕ್ರಿ?"

"ನಾ ಬಂದು ಹೇಳ್ತೇನಿ. ಹಾಕೋಬ್ಯಾಡ, ಅಷ್ಟ."

ಹೇಳಬೇಕಾದದ್ದು ಏನೆಂದು ಗೊತ್ತಿತ್ತು. ಅದನ್ನು ಯಾರ ಮುಂದೆ ಹೇಳಬೇಕೆಂಬುದೂ ಗೊತ್ತಿತ್ತು. ಕಾಶಿಬಾಯಿಗೆ ಇದ್ದ ಇಬ್ಬರು ಮಕ್ಕಳಲ್ಲಿ ಒಬ್ಬ ಹೋಗಿದ್ದ. ಉಳಿದವನ ಹೆಂಡತಿಯ ಕೈಯಿಂದ, ಹೋದವನ ಹೆಂಡತಿ ಬಳೆ ತೆಗೆಸಬೇಕು. ತೆಗೆಸುವುದಾದರೂ ಹೇಗೆ? ಆ ಬಳೆಗಳು ಜಾರುವಂಥವಲ್ಲ, ಒಡೆದೇ ತೆಗೆಯಬೇಕು. ಒಡೆಯುವುದು ಎಂದರೆ ಏನೆಂದು ಅವಳ ಮಣಿಕಟ್ಟಿಗೆ ಗೊತ್ತಿತ್ತು.

ಚೌಡಾಪುರದಲ್ಲಿ ಬಸ್ಸು ನಿಂತಿತು. ಗಾಣಗಾಪುರಕ್ಕೆ ಹೋಗುವ ಜನರ ಜೊತೆ ಮಹಾನಂದಾಳೂ ಇಳಿದಳು. ರಸ್ತೆಯ ಪಕ್ಕದಲ್ಲಿ ಜೀನತಳ ಬಳೆಯಂಗಡಿ. ಭಾಗ್ಯಾಳಿಗೆ ಮದುವೆಯ ಬಳೆ ಇಟ್ಟವಳು ಅವಳೇ. ಅದಕ್ಕೆ ಎಷ್ಟೋ ವರ್ಷ ಮುಂಚೆ ಕಾಶಿಬಾಯಿಗೂ, ಆಮೇಲೆ ಮಹಾನಂದಾಳಿಗೂ. ಮಹಾನಂದಾ ಅಂಗಡಿಯ ಮುಂದೆ ಬಂದು ನಿಂತದ್ದು ನೋಡಿ ಜೀನತಳ ಕೈಯಲ್ಲಿದ್ದ ಬಳೆಯ ಸರ ಅಲ್ಲೇ ನಿಂತಿತು.

"ಬಿಗಿ ಬಳಿ ಒಡೀದಂಗ ತಗಿಯೋದು ಹ್ಯಾಂಗ್ರಿ ಜೀನತ ಆಪಾ?"

"ಯಾ ಅಲ್ಲಾ." ಜೀನತ ಕನ್ನಡಕದ ಮೇಲಿಂದ ನೋಡಿದಳು. "ನಲವತ್ತು ವರ್ಸ ಆತವ್ವಾ ಈ ಧಂಧೆ. ಇಡಸ್ಕೊಳ್ಳೋದು ಎಲ್ಲಾರೂ ಕೇಳ್ತಾರ. ತಗಿಯೋದು ಇಲ್ಲಿತನ ಯಾರೂ ಕೇಳಿದ್ದಿಲ್ಲ."

ಯಾಕೆಂದು ಹೇಳಿದ ಮೇಲೆ ಜೀನತ ಮತ್ತೇನೂ ಕೇಳಲಿಲ್ಲ. ತೆಳ್ಳನೆಯ ಪ್ಲಾಸ್ಟಿಕ್ ಕವರೊಂದನ್ನು ತನ್ನದೇ ಕೈಗೆ ಹಾಕಿಕೊಂಡಳು. ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿದಳು. ಬಳೆಗಳನ್ನು ಒಂದೊಂದಾಗಿ ಕವರಿನ ಮೇಲೆ ಹತ್ತಿಸಿ, ಗೆಣ್ಣುಗಳ ಹತ್ತಿರ ತುಸು ಓರೆ ಮಾಡಿ, ಜಾರಿಸಿದಳು. ಬಳೆ ಸದ್ದಿಲ್ಲದೆ ಬಂತು.

"ಗಾಜಿನ ಬಳಿ ಚರ್ಮಕ್ಕ ಹಿಡಕೋತದ, ಪ್ಲಾಸ್ಟಿಕ್‌ಗಿ ಹಿಡಕೊಳ್ಳಂಗಿಲ್ಲ. ಅವಸರ ಮಾಡಬ್ಯಾಡ. ಎಳೀಬ್ಯಾಡ, ದೂಡು." ಆಮೇಲೆ ದನಿ ತಗ್ಗಿಸಿ ಹೇಳಿದಳು. "ನಿನ್ನ ಅತ್ತಿ ಮುಂದ ನನ್ನ ಹೆಸರ ತಗೀಬ್ಯಾಡವ್ವಾ. ನಾಳಿ ನನ್ನ ಕಡಿ ಯಾರೂ ಬಳಿ ಇಡಿಸಂಗಿಲ್ಲ."

ಮುಂದಿನ ಬಸ್ಸಿನಲ್ಲಿ ಮಹಾನಂದಾ ಫಾರಮು ಬಿಚ್ಚಿದಳು. ಕಾರಣ ಎಂಬಲ್ಲಿ ಬರೆದಳು: ಬಳೆ ತೆಗೆಯಬೇಕೆಂದು ತರಬೇತಿದಾರರು ಹೇಳಲಿಲ್ಲ. ಮಷಿನಿನ ಮುಂದೆ ಹಾಕಬಾರದ ಕೈಗವಸನ್ನು ಹಾಕಿಕೊಳ್ಳಲು ಹೇಳಿದರು. ಕೆಳಗೆ ತನ್ನ ಹೆಸರು ಬರೆದಳು. ಕಲ್ಲುಮಣ್ಣಿನ ರಸ್ತೆಗೆ ಅಕ್ಷರ ಓರೆಯಾದವು, ಓದುವಂತಿದ್ದವು.

ಬೆಳಿಗ್ಗೆ ಕಣದಲ್ಲಿ ತೊಗರಿಯ ಬಣವೆ ಮನೆಯಷ್ಟು ಎತ್ತರ ನಿಂತಿತ್ತು. ಆಚೆ ಭೀಮೆಯ ಮೇಲಿಂದ ತಣ್ಣಗೆ ಗಾಳಿ ಬರುತ್ತಿತ್ತು. ಟ್ರ್ಯಾಕ್ಟರಿನ ಹಿಂದೆ ಜೋಡಿಸಿದ ಮಷಿನಿಗೆ ಕಾಶಿಬಾಯಿ ಅರಿಶಿಣ ಕುಂಕುಮ ಹಚ್ಚಿ ಕಾಯಿ ಒಡೆದಳು. ಮೊದಲ ಸೂಡು ಮುತ್ತೈದೆ ಕೊಡಬೇಕು; ಭಾಗ್ಯಾ ಸೂಡು ಎತ್ತಿಕೊಂಡು ನಿಂತಿದ್ದಳು. ಅವಳ ಹಿಂದೆ ಕೂಲಿಯ ನಾಲ್ವರು ಹೆಂಗಸರು. ಹಫೀಜ ಟ್ರ್ಯಾಕ್ಟರ್ ಹತ್ತಿದ.

"ಚಾಲೂ ಮಾಡ್ಲೇನ್ರಿ?"

"ತಡೀರಿ ಭಾಯಿ," ಎಂದಳು ಮಹಾನಂದಾ.

ಅವಳು ಚಿತ್ರಪಟವನ್ನು, ಚೀಲ ಸಾಗಿಸಲು ಪಕ್ಕದಲ್ಲಿ ನಿಲ್ಲಿಸಿದ್ದ ಟ್ರೇಲರಿನ ಕೊಂಡಿಗೆ ತೂಗುಹಾಕಿದಳು. ಕೈಯಲ್ಲಿ ಹಿಡಿಯುವ ಕೆಲಸ ಉಳಿಯಲಿಲ್ಲ. ನಾಲ್ಕು ಚಿತ್ರವೂ ಬಿಸಿಲಿಗೆ ಕಂಡವು. ಮೊದಲನೆಯದು ಹೇಳಿದಳು, ಎರಡನೆಯದು ಹೇಳಿದಳು. ಹೆಂಗಸರು ಸೆರಗು ಸಿಕ್ಕಿಸಿಕೊಂಡರು. ಅವಳು ಮೂರನೆಯದರ ಮೇಲೆ ಬೆರಳಿಟ್ಟಳು.

"ಬಳಿ ತೆಗೀಬೇಕು. ಎಲ್ಲಾರೂ. ಉಂಗುರ, ವಾಚು, ಕೈದಾರ ಸುದ್ಧಾ. ಗ್ಲೌಸ್ ಬ್ಯಾಡ. ಬರೇ ಕೈ, ಕೈಯಾಗ ಕೋಲು."

ಕಾಶಿಬಾಯಿ ಆರತಿಯ ತಟ್ಟೆಯನ್ನು ಕೆಳಗಿಟ್ಟಳು.

"ಏನಂದಿ?"

"ಬಳಿ ತೆಗೀಬೇಕಂದೆ ಅತ್ತಿ. ಒಡೆಯೋದಿಲ್ಲ. ತಗದು ಇಡೋದು, ಸಂಜೀಕ ಮತ್ತ ಹಾಕ್ಕೊಳ್ಳೋದು."

"ಐದ ತಿಂಗಳಾತು ಆಕಿ ಮದಿವ್ಯಾಗಿ." ಕಾಶಿಬಾಯಿ ಕೂಗಲಿಲ್ಲ. ಕೂಗಿದ್ದರೆ ಸುಲಭವಿತ್ತು. "ನಿನ್ನ ಕೈ ಬೋಳಾದೂ ಅಂತ ಆಕಿದೂ ಬೋಳು ಮಾಡ್ತಿ? ಒಬ್ಬನ್ನ ಕಳಕೊಂಡೇನಿ ಬೇ ನಾ. ಇರೋನು ಒಬ್ಬ. ಅವನ ಮ್ಯಾಲ ಯಾಕ ಆಟ ಆಡ್ತಿ?"

ಗುರುಪಾದ ಚೀಲದ ರಾಶಿಯ ಹತ್ತಿರ ನಿಂತಿದ್ದ. "ಅವ್ವಾ, ಸುಮ್ಕಿರು," ಅಂದ, ಯಾರಿಗೂ ಕೇಳಿಸದಷ್ಟು ಮೆಲ್ಲಗೆ.

ಬೈಸ್ಕೋಬೇಕಿತ್ತು ನೀ. ಮಾಣಿಕಮ್ಮನ ಮಾತು ನೆನಪಾಗಿ ಮಹಾನಂದಾ ನಿಂತಲ್ಲೇ ನಿಂತಳು. ಬೈಗುಳ ಬಂದು ತಾಗಿತು, ಹೋಯಿತು. ಕಾಲು ಅಲ್ಲೇ ಇದ್ದವು.

"ಅತ್ತಿ, ಆವತ್ತ ಸಂಜೀಕ ನನ್ನ ಕೈಯಾಗ ಎರಡು ಡಜನ್ ಇದ್ದೂ. ನೀವೇ ಎಣಸಿ ಇಡಿಸಿದ್ದು." ತನ್ನ ದನಿ ತನಗೇ ದೂರದಿಂದ ಕೇಳಿಸಿತು. "ಒಂದೂ ಒಡದಿದ್ದಿಲ್ಲ. ಒಂದೂ ಬಿರುಕು ಬಿಟ್ಟಿದ್ದಿಲ್ಲ. ಎಲ್ಲಾ ತುಂಬಿಕೊಂಡೇ ಇದ್ದೂ. ಅವರು ಬರಲಿಲ್ಲ."

ಕಾಶಿಬಾಯಿ ಕೆಳಗಿಟ್ಟ ತಟ್ಟೆಯನ್ನು ಮತ್ತೆ ಎತ್ತಿಕೊಂಡಳು.

ಆಮೇಲೆ ಮಾತಾಡಿದವಳು ಕೂಲಿಯ ರಮಾಬಾಯಿ. "ನಮ್ಮಾತ ಬಳಿ ತಗದ್ರ ಸಾಯೋನಲ್ಲ ಬಿಡ್ರಿ," ಅಂದಳು, ಸೂಡು ಕೆಳಗೆ ಹಾಕಿ ಕೈ ಚಾಚುತ್ತ. "ಸೆರೆ ಕುಡಿಯೋದು ಬಿಟ್ರ ಸಾಯ್ತಾನ. ತಗೀರಿ ಮೇಡಂ, ಮೊದಲ ನಂದು."

ಒಬ್ಬಿಬ್ಬರು ನಕ್ಕರು. ಟ್ರ್ಯಾಕ್ಟರಿನ ಮೇಲೆ ಹಫೀಜ ಬೆಳ್ಳಿಯ ಉಂಗುರ ಬಿಚ್ಚಿ ಅಂಗಿಯ ಜೇಬಿಗೆ ಹಾಕಿದ. "ಎಲ್ಲಾರ ಕೈ ನೋಡಿದ ಮ್ಯಾಲೇ ಚಾಲೂ," ಅಂದ. ಗುರುಪಾದ ವಾಚು ಬಿಚ್ಚಿದ, ಗಾಣಗಾಪುರದ ಕೈದಾರವನ್ನು ಹಲ್ಲಿನಿಂದ ಗಂಟು ಸಡಿಲಿಸಿ ತೆಗೆದು ಕಣ್ಣಿಗೊತ್ತಿಕೊಂಡ.

ಕೈಗವಸಿನ ಜೋಡಿಗಳು ತೆಳ್ಳನೆಯ ಪ್ಲಾಸ್ಟಿಕ್ ಕವರುಗಳಲ್ಲಿ ಬಂದಿದ್ದವು. ಮಹಾನಂದಾ ಕೈಗವಸು ಡಬ್ಬಿಗೆ ಹಾಕಿ ಕವರುಗಳನ್ನಷ್ಟೇ ತಂದಿದ್ದಳು. ರಮಾಬಾಯಿಯದು ತೆಗೆದಳು. ಇನ್ನು ಮೂವರದು ತೆಗೆದಳು. ಕೊನೆಗೆ ಭಾಗ್ಯಾ ಬಂದು ಎದುರಿಗೆ ಕೂತು ಕೈ ಚಾಚಿದಳು. ಅತ್ತೆಯ ಕಡೆ ನೋಡಲಿಲ್ಲ. ಕೈ ನಡುಗುತ್ತಿತ್ತು.

"ಎಳಿಯಂಗಿಲ್ಲ, ಹೆದರಬ್ಯಾಡ," ಎಂದಳು ಮಹಾನಂದಾ.

"ಹೆದರಿಕಿ ಅಲ್ಲ ಯಕ್ಕಾ. ಥಂಡಿ."

ಇಪ್ಪತ್ನಾಲ್ಕು ಬಳೆ ಒಂದೊಂದಾಗಿ ಬಂದವು. ಕಡೆಯದು ಬಂದಾಗ ಭಾಗ್ಯಾ ತನ್ನ ಕೈಗಳನ್ನು ಯಾರದೋ ಎಂಬಂತೆ ತಿರುವಿ ನೋಡಿಕೊಂಡಳು. ಬಳೆಯಿದ್ದ ಜಾಗದಲ್ಲಿ ಚರ್ಮ ಬೆಳ್ಳಗಿತ್ತು.

ಕಾಶಿಬಾಯಿ ಆ ಬೆಳ್ಳನೆಯ ಜಾಗವನ್ನು ನೋಡಲಾರದೆ ಹೋದಳು. ಪೂಜೆಯ ತಟ್ಟೆಯಿಂದ ಅರಿಶಿಣ ತೆಗೆದು ನೀರು ಬೆರೆಸಿದಳು. ಸೊಸೆಯ ಎರಡೂ ಮಣಿಕಟ್ಟಿಗೆ ಬಳೆಯ ಅಗಲಕ್ಕೆ ದಪ್ಪಗೆ ಬಳಿದಳು. "ಇದಾದ್ರ ಬರಿಗೈ ಅಲ್ಲ," ಅಂದಳು, ಮಷಿನಿಗೆ ಹೇಳಿದ ಹಾಗೆ. ರಮಾಬಾಯಿ ಕೈ ಚಾಚಿದಳು, ಅವಳಿಗೂ ಬಳಿದಳು. ಸಾಲಾಗಿ ಎಲ್ಲರಿಗೂ ಬಳಿದಳು. ಸಾಲಿನ ಕೊನೆಗೆ ಮಹಾನಂದಾ ನಿಂತಿದ್ದಳು. ಕಾಶಿಬಾಯಿ ಅರಿಶಿಣದ ಬಟ್ಟಲನ್ನು ಎತ್ತಿಕೊಂಡು ಅವಳನ್ನು ದಾಟಿ ಹೋದಳು.

ಗಂಡ ಹೋದವಳಿಗೆ ಹಚ್ಚಿದ್ದರೇ ಆಶ್ಚರ್ಯ. ಮಹಾನಂದಾ ಹೋಗಿ ಟ್ರ್ಯಾಕ್ಟರಿನ ಪಕ್ಕ, ಹಫೀಜನಿಗೆ ಕೂಗಿದರೆ ಕೇಳುವ ಹಾಗೆ ನಿಂತಳು.

ಮಷಿನು ಶುರುವಾಯಿತು. ಧೂಳು, ಹೊಟ್ಟು, ಸದ್ದು. ಹಳದಿ ಮಣಿಕಟ್ಟುಗಳು ಏಳುತ್ತಿದ್ದವು, ಇಳಿಯುತ್ತಿದ್ದವು. ಅವಳು ಮುಖಗಳನ್ನು ನೋಡಲಿಲ್ಲ, ಕೈಗಳನ್ನೇ ನೋಡಿದಳು. ಮಧ್ಯಾಹ್ನದ ರೊಟ್ಟಿಗೆ ಬಿಟ್ಟು ಮತ್ತೆ ಶುರುಮಾಡಿ ಸ್ವಲ್ಪ ಹೊತ್ತಾಗಿತ್ತು. ಹಸಿ ಕಟ್ಟಿಗೆಯ ಒಂದು ಸೂಡು ಮಷಿನಿನ ಬಾಯಲ್ಲಿ ಅಡ್ಡ ನಿಂತಿತು. ಭಾಗ್ಯಾಳ ಕೋಲು ಜಾರಿ ಕೆಳಗೆ ಬಿತ್ತು. ಅವಳು ಕೋಲು ಎತ್ತಿಕೊಳ್ಳಲಿಲ್ಲ. ಒಲೆಯೊಳಗೆ ಸೌದೆ ದೂಡಿದ ಹಾಗೆ, ಏನೂ ಯೋಚಿಸದೆ, ಕೈಯಿಂದಲೇ ದೂಡಿದಳು.

ಸೂಡು ಒಮ್ಮೆಲೇ ಒಳಗೆ ಹೋಯಿತು. ಕವಲೊಂದು ಅವಳ ಮಣಿಕಟ್ಟನ್ನು ಹಿಡಿಯಿತು.

"ಬಂದ್!" ಮಹಾನಂದಾ ಕಿರುಚಿದಳು. ಇಂಥ ದನಿ ತನ್ನೊಳಗಿದೆ ಎಂದು ಅವಳಿಗೇ ಗೊತ್ತಿರಲಿಲ್ಲ. "ಬಂದ್ ಮಾಡ್ರಿ!"

ಹಫೀಜ ನಿಲ್ಲಿಸಿದ. ಮಷಿನು ಕೂಡಲೇ ನಿಲ್ಲುವುದಿಲ್ಲ. ಸದ್ದು ಇಳಿಯುತ್ತ ಇಳಿಯುತ್ತ ಇನ್ನೂ ತಿರುಗಿತು. ಅಷ್ಟರಲ್ಲಿ ಕವಲು ಮಣಿಕಟ್ಟಿನ ಮೇಲೆ ಸರ್ರನೆ ಜಾರಿ, ಹಿಡಿಯಲು ಏನೂ ಸಿಗದೆ, ತಾನೊಂದೇ ಒಳಗೆ ಹೋಯಿತು. ಭಾಗ್ಯಾ ಹಿಂದಕ್ಕೆ ಕುಸಿದು ಕೂತಳು. ಅರಿಶಿಣದ ನಡುವೆ ಒಂದು ತೆಳ್ಳನೆಯ ಗೀರು, ಅಷ್ಟೆ.

ಐದೂ ಬೆರಳನ್ನು ಒಂದೊಂದಾಗಿ ಮಡಚಿ ಬಿಚ್ಚಿ ನೋಡಿದವಳು ಕಾಶಿಬಾಯಿ. ಎರಡು ಸಲ ನೋಡಿದಳು. ಕೋಲು ಎತ್ತಿ ತಂದು ಸೊಸೆಯ ಕೈಗೆ ಕೊಟ್ಟಳು. ಆಮೇಲೆ ಸಂಜೆಯವರೆಗೆ ಬಣವೆಯ ಹತ್ತಿರ ಹೋಗಲಿಲ್ಲ, ಮಷಿನಿನ ಬಾಯಿಯ ಪಕ್ಕದಲ್ಲೇ ನಿಂತಳು.

ಹೊತ್ತು ಇಳಿಯುವಾಗ ರಾಶಿ ಮುಗಿಯಿತು. ಹೆಂಗಸರು ಕೊಡದ ನೀರಿನಲ್ಲಿ ಕೈ ತೊಳೆದರು. ಅರಿಶಿಣ ನೀರಿನ ಜೊತೆ ಕರಿಮಣ್ಣಿಗೆ ಇಳಿಯಿತು. ಬಳೆಗಳನ್ನು ಮತ್ತೆ ಹಾಕುವುದು ತೆಗೆದಷ್ಟು ಸುಲಭವಾಗಿರಲಿಲ್ಲ. ದುಡಿದ ಕೈ ಬಾತಿದ್ದವು. ರಮಾಬಾಯಿ, "ನಾ ಮನಿಗಿ ಹೋಗಿ ಹಾಕ್ಕೋತೇನಿ, ನಮ್ಮಾತ ನೋಡೋ ಸ್ಥಿತಿಯಾಗ ಇದ್ರ," ಎಂದು ಸೆರಗಿನಲ್ಲಿ ಕಟ್ಟಿಕೊಂಡು ಹೋದಳು. ಭಾಗ್ಯಾ ಮಾತ್ರ ಮಹಾನಂದಾಳ ಮುಂದೆ ಬಂದು ಕೂತಳು.

"ಹಾಕ್ರಿ ಯಕ್ಕಾ."

ಮಹಾನಂದಾ ಅತ್ತೆಯ ಕಡೆ ನೋಡಿದಳು. ಕಾಶಿಬಾಯಿ ಕಾಳಿನ ರಾಶಿಯ ಕಡೆ ನೋಡುತ್ತಿದ್ದಳು. ಬೇಡ ಎನ್ನಲಿಲ್ಲ.

ಒಂಬತ್ತು ಬಳೆ ಏರಿದವು. ಹತ್ತನೆಯದು ಗೆಣ್ಣಿನ ಮೇಲೆ ಚಟ್ ಎಂದಿತು.

ಎಲ್ಲರಿಗೂ ಕೇಳಿಸಿತು. "ಒಡೀ..." ಎಂದಳು ಭಾಗ್ಯಾ.

"ಹಂಗ ಅನ್ನಬಾರದು," ಎಂದಳು ಕಾಶಿಬಾಯಿ, ಕೂತಲ್ಲಿಂದ ಏಳುತ್ತ. "ಹೆಚ್ಚಾತು ಅನ್ನು."

ಚೀಲದ ಮೇಲೆ ಮಲಗಿದ್ದ ಗುರುಪಾದ ತಲೆ ಎತ್ತಿದ. "ಅವ್ವಾ, ನಾ ಇಲ್ಲೇ ಅದೇನಿ."

"ಬಾಯಿ ಮುಚ್ಚಲೇ."

ಅವಳು ಹತ್ತಿರ ಬಂದಳು. ಮಹಾನಂದಾ ಮಾತಿಗೆ ಕಾದಳು. ಮುಂಜಾನೆಗಿಂತ ದೊಡ್ಡ ಮಾತು ಬರಬಹುದು, ಬರಲಿ. ಆದರೆ ಕಾಶಿಬಾಯಿ ನೋಡುತ್ತಿದ್ದದ್ದು ಭಾಗ್ಯಾಳ ಕೈಯನ್ನಲ್ಲ. ಒಡೆದ ಬಳೆಯ ಚೂರು ಮಹಾನಂದಾಳ ಹೆಬ್ಬೆರಳಿನ ಬುಡದಲ್ಲಿ ನಿಂತಿತ್ತು. ರಕ್ತ ಮಣಿಕಟ್ಟಿನ ತನಕ ಇಳಿದು, ಅಲ್ಲಿದ್ದ ಹಳೆಯ ಬಿಳಿ ಗೆರೆಯನ್ನು ಮುಟ್ಟಿತ್ತು.

ಕಾಶಿಬಾಯಿ ಆ ಗೆರೆಯನ್ನು ಬಹಳ ಹೊತ್ತು ನೋಡಿದಳು. ಬಗ್ಗಿ ಉಗುರಿನಿಂದ ಚೂರು ತೆಗೆದಳು. ಬಟ್ಟಲಿನ ತಳದಲ್ಲಿ ಉಳಿದಿದ್ದ ಅರಿಶಿಣವನ್ನು ಬಳಿದುಕೊಂಡು ಬಂದಳು.

"ಗಾಯಕ್ಕ ಹಚ್ಚಾಕತ್ತೇನಿ," ಅಂದಳು, ಸುತ್ತ ಇದ್ದವರಿಗೆ ಕೇಳುವಂತೆ. "ಮತ್ತೇನಿಲ್ಲ."

ಆವತ್ತು ಬಳೆ ಒಡೆಯುವಾಗ ಹಿಡಿದ ಹಾಗೆಯೇ ಮಣಿಕಟ್ಟನ್ನು ಬಿಗಿಯಾಗಿ ಹಿಡಿದು, ಅರಿಶಿಣವನ್ನು ಗಾಯಕ್ಕೆ ಒತ್ತಿದಳು. ಉರಿಯಿತು. ಉರಿ ಹೆಬ್ಬೆರಳಿನಿಂದ ಮೊಳಕೈಗೆ ಏರಿತು. ಮಹಾನಂದಾ "ಸ್ಸ್" ಎಂದು ಕೈ ಹಿಂದಕ್ಕೆ ಎಳೆದುಕೊಳ್ಳಲು ನೋಡಿದಳು.

ಕಾಶಿಬಾಯಿ ಬಿಡಲಿಲ್ಲ.